ಹೇಳದೇ ಬಿಟ್ಟ ಮಾತಿನ ಇತಿಹಾಸ: ಬೂಟ್ ಲೋಡರ್ ಮತ್ತು ಅದರ ಪದರಗಳು

ಅಕ್ಕನ ಮದುವೆ ಧಾರವಾಡದಲ್ಲಿ ಆದಾಗ ನಾನು ಬಿ.ಇ. ಎರಡನೇ ವರ್ಷದಲ್ಲಿದ್ದೆ. ಪುರೋಹಿತರು ಹೆಜ್ಜೆಹೆಜ್ಜೆಗೂ ಮಂತ್ರ ನಿಲ್ಲಿಸಿ ಅಜ್ಜಿಯ ಕಡೆ ತಿರುಗುತ್ತಿದ್ದರು. "ಅಮ್ಮಾರ, ನಿಮ್ಮ ಮನ್ಯಾಗ ಹೆಂಗ್ರಿ ಪದ್ಧತಿ?" ಅವರ ಕೈಯಲ್ಲಿದ್ದ ಪುಸ್ತಕದಲ್ಲಿ ಒಂದು ಕ್ರಮವಿತ್ತು. ಅದರ ಮೇಲೆ ನಮ್ಮ ಕಡೆಯ ರೂಢಿ, ಅದರ ಮೇಲೆ ಮನೆತನದ ಪದ್ಧತಿ, ಎಲ್ಲದರ ಮೇಲೆ ಆ ಹೊತ್ತಿಗೆ ಅಜ್ಜಿ ಆಡಿದ ಮಾತು. ಅಜ್ಜಿ ಸುಮ್ಮನಿದ್ದರೆ ಮನೆತನದ ಪದ್ಧತಿ ನಡೆಯುತ್ತಿತ್ತು. ಅದು ಯಾರಿಗೂ ನೆನಪಿಲ್ಲದಿದ್ದರೆ ಊರಿನ ರೂಢಿ. ಅದೂ ಇಲ್ಲವಾದರೆ ಪುಸ್ತಕ ಇದ್ದೇ ಇತ್ತು. ಯಾವ ಕಾರಣಕ್ಕೂ ಮದುವೆ ಅರ್ಧಕ್ಕೆ ನಿಲ್ಲುವ ಹಾಗಿರಲಿಲ್ಲ.

ನಮ್ಮ ವೃತ್ತಿಯಲ್ಲಿ ಪುಸ್ತಕದ ಕ್ರಮಕ್ಕೆ ಡೀಫಾಲ್ಟ್ ಎನ್ನುತ್ತೇವೆ, ಅಜ್ಜಿಯ ಮಾತಿಗೆ ಓವರ್‌ರೈಡ್. ಯಾರೂ ಏನೂ ಹೇಳದಿದ್ದಾಗ ಯಂತ್ರ ಏನು ಮಾಡಬೇಕು, ಹಲವರು ಹಲವು ಮಾತು ಹೇಳಿದಾಗ ಯಾರ ಮಾತು ಕೇಳಬೇಕು ಎಂಬ ಎರಡು ಪ್ರಶ್ನೆಗಳು ಎಲ್ಲ ಸಾಫ್ಟ್‌ವೇರಿಗೂ ಇವೆ. ಆದರೆ ಬೂಟ್ ಲೋಡರಿನ ವಿಷಯದಲ್ಲಿ ಅವು ಪ್ರಾಣಸಂಕಟದ ಪ್ರಶ್ನೆಗಳು. ಯಂತ್ರಕ್ಕೆ ಕರೆಂಟು ಬಂದೊಡನೆ ಎದ್ದು, ಆಪರೇಟಿಂಗ್ ಸಿಸ್ಟಮ್ಮನ್ನು ಹುಡುಕಿ ಮೆಮೊರಿಗೆ ತಂದು, ಅದರ ಕೈಗೆ ಯಂತ್ರವನ್ನು ಒಪ್ಪಿಸಿ ಮರೆಯಾಗುವ ಪುಟ್ಟ ಪ್ರೋಗ್ರಾಮು ಅದು. ಅಲ್ಲಿ ತಪ್ಪಾದರೆ ತಿದ್ದಲು ಬೇಕಾದ ಸಲಕರಣೆಗಳು ಇನ್ನೂ ಎದ್ದೇ ಇರುವುದಿಲ್ಲ.

ಈ ಪಾಠವನ್ನು ನಾನು ಕಲಿತದ್ದು ಪುಣೆಯಲ್ಲಿ, 2011ರ ಮಳೆಗಾಲದಲ್ಲಿ, ದುಬಾರಿ ಬೆಲೆ ಕೊಟ್ಟು. ಆಗ ನಾನಿದ್ದ ಕಂಪನಿ ಕಾರ್ಖಾನೆಗಳ ವಿದ್ಯುತ್ ಮೀಟರುಗಳ ಲೆಕ್ಕ ಓದಿ ಕಳಿಸುವ ಪುಟ್ಟ ಪೆಟ್ಟಿಗೆಗಳನ್ನು ಮಾಡುತ್ತಿತ್ತು. ಹೊಸ ಫರ್ಮ್‌ವೇರ್ ಕಳಿಸಿದ ಮರುದಿನ ಬೆಳಿಗ್ಗೆ ಸಾಂಗ್ಲಿ, ಕೊಲ್ಹಾಪುರ, ಸೊಲ್ಲಾಪುರದ ಕಡೆ ಅರವತ್ತರಷ್ಟು ಪೆಟ್ಟಿಗೆಗಳು ಏಳಲೇ ಇಲ್ಲ. ಆ ಫರ್ಮ್‌ವೇರಿನ ಕೆಲಸ ಮಾಡಿದವನು ರಾಣೆಬೆನ್ನೂರಿನ ಹುಡುಗ, ಕೆಲಸಕ್ಕೆ ಸೇರಿ ಒಂದೂವರೆ ವರ್ಷವಾಗಿತ್ತು. "ಸರ್, ನಾ ಎಲ್ಲಾ ಚೆಕ್ ಮಾಡೀನ್ರಿ. ನನ್ನ ಟೇಬಲ್ ಮ್ಯಾಲಿನ ಬೋರ್ಡು ಛಲೋ ನಡದೈತ್ರಿ," ಎಂದು ಹೇಳುತ್ತಲೇ ಇದ್ದ. ಮೀಟಿಂಗಿನಲ್ಲಿ ಯಾರೂ ಅವನ ಮಾತು ಕೇಳುವ ಸ್ಥಿತಿಯಲ್ಲಿರಲಿಲ್ಲ.

ಅವನು ಹೇಳಿದ್ದು ನಿಜವಾಗಿತ್ತು. ಏಕೆ ನಿಜವಾಗಿತ್ತು ಎಂಬುದು ತಿಳಿಯಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

446 ಬೈಟುಗಳ ಜಾಗ

ಐಬಿಎಂ ಪಿಸಿ 1981ರಲ್ಲಿ ಬಂತು. ಅದರ ಬಯೋಸ್‌ಗೆ ಡಿಸ್ಕಿನ ಬಗ್ಗೆ ಗೊತ್ತಿದ್ದದ್ದು ಬಹಳ ಕಡಿಮೆ: ಮೊದಲ ಸೆಕ್ಟರಿನ 512 ಬೈಟುಗಳನ್ನು ಮೆಮೊರಿಗೆ ತಂದು ಅಲ್ಲಿಗೆ ಜಿಗಿಯುವುದು. ಹಾರ್ಡ್ ಡಿಸ್ಕ್ ಇದ್ದ ಪಿಸಿ ಎಕ್ಸ್‌ಟಿ 1983ರಲ್ಲಿ ಬಂದಾಗ ಆ 512ರಲ್ಲೂ ಪಾಲಾಯಿತು. ಡಿಸ್ಕಿನ ಭಾಗಗಳ ಪಟ್ಟಿಗೆ 64 ಬೈಟು, ಕೊನೆಯ ಗುರುತಿಗೆ 2 ಬೈಟು. ಪ್ರೋಗ್ರಾಮಿಗೆ ಉಳಿದದ್ದು 446. ಈ ಪ್ಯಾರಾದ ಕನ್ನಡ ಅಕ್ಷರಗಳನ್ನು ಇಂದಿನ ಯೂನಿಕೋಡಿನಲ್ಲಿ ಬರೆದಿಟ್ಟರೂ ಅಷ್ಟರಲ್ಲಿ ಹಿಡಿಸುವುದಿಲ್ಲ.

ಅಷ್ಟು ಜಾಗದಲ್ಲಿ ಆಯ್ಕೆ, ಮೆನು ಎಂಬ ಮಾತೇ ಇಲ್ಲ. ಭಾಗಗಳ ಪಟ್ಟಿಯಲ್ಲಿ ಯಾವುದರ ಮುಂದೆ "ಸಕ್ರಿಯ" ಎಂಬ ಗುರುತಿದೆಯೋ ಅಲ್ಲಿಗೆ ಹೋಗು, ಅಷ್ಟೇ. ಇಡೀ ಯಂತ್ರಕ್ಕೆ ಒಂದೇ ಡೀಫಾಲ್ಟು, ಅದನ್ನು ಬದಲಿಸಲು ಒಂದೇ ಬೈಟು.

ಪದರಗಳು ಮೊದಲು ಹುಟ್ಟಿದ್ದು ಒಂದು ಮಜಲು ಮೇಲೆ, ಡಾಸ್‌ನಲ್ಲಿ. 1983ರ ಡಾಸ್ 2.0 ತಂದ ಕಾನ್ಫಿಗ್.ಸಿಸ್ ಎಂಬ ಕಡತದಲ್ಲಿ ಬಳಕೆದಾರ ತನ್ನ ಡ್ರೈವರುಗಳನ್ನೂ ಬಫರುಗಳ ಲೆಕ್ಕವನ್ನೂ ಬರೆಯಬಹುದಾಗಿತ್ತು. ಬರೆಯದಿದ್ದರೆ ಡಾಸ್ ತನ್ನದೇ ಅಂದಾಜಿನಲ್ಲಿ ನಡೆಯುತ್ತಿತ್ತು. ಹತ್ತು ವರ್ಷದ ನಂತರ, 1993ರ ಎಂಎಸ್-ಡಾಸ್ 6ರಲ್ಲಿ ಅದೇ ಕಡತಕ್ಕೆ ವಿಭಾಗಗಳು ಬಂದವು. ಮೇಲೊಂದು ಮೆನು, ಎಲ್ಲರಿಗೂ ಸೇರಿದ "ಕಾಮನ್" ವಿಭಾಗ, ಆಮೇಲೆ ಆಟಕ್ಕೆ ಒಂದು, ಆಫೀಸಿಗೆ ಒಂದು ಎಂದು ಬೇರೆ ಬೇರೆ ವಿಭಾಗ. ಇಷ್ಟು ಸೆಕೆಂಡು ಕಾದು ಯಾರೂ ಕೀಲಿ ಒತ್ತದಿದ್ದರೆ ಇಂಥದ್ದನ್ನು ಆರಿಸು ಎಂಬ ಸಾಲೂ ಇತ್ತು. ಕಡತವೇ ಕೆಟ್ಟರೆ? ಎಫ್5 ಒತ್ತಿದರೆ ಡಾಸ್ ಇಡೀ ಕಡತವನ್ನು ಬಿಟ್ಟು ಮುಂದೆ ಹೋಗುತ್ತಿತ್ತು. ಎಫ್8 ಒತ್ತಿದರೆ ಒಂದೊಂದೇ ಸಾಲು ತೋರಿಸಿ "ಮಾಡಲೇ?" ಎಂದು ಕೇಳುತ್ತಿತ್ತು. ಎಫ್5ನ ಹಿಂದಿದ್ದ ವಿಚಾರ ನೆನಪಿಡಿ. ಮೇಲಿನ ಎಲ್ಲ ಪದರಗಳನ್ನೂ ಕಿತ್ತೆಸೆದರೂ ಕೆಳಗೆ ನಿಲ್ಲಲು ನೆಲ ಇರಬೇಕು.

ಲಿಲೋ: ಮೊದಲ ಎರಡು ಅಕ್ಷರ

ಕಾಲೇಜಿನ ದಿನಗಳಲ್ಲಿ ನಮಗೆ ಲಿನಕ್ಸ್ ಸಿಗುತ್ತಿದ್ದದ್ದು ಪಿಸಿಕ್ವೆಸ್ಟ್ ಪತ್ರಿಕೆಯ ಜೊತೆ ಬರುತ್ತಿದ್ದ ಸಿ.ಡಿ.ಗಳಲ್ಲಿ. ಹಾಸ್ಟೆಲಿನಲ್ಲಿ ಒಬ್ಬ ತರಿಸಿದರೆ ಹತ್ತು ಕೋಣೆ ಸುತ್ತುತ್ತಿತ್ತು. ಹಾಕಿಕೊಂಡ ಮೇಲೆ ಪರದೆಯ ಮೂಲೆಯಲ್ಲಿ "ಎಲ್, ಐ" ಎಂಬ ಎರಡು ಅಕ್ಷರ ಮೂಡಿ ಯಂತ್ರ ಕಲ್ಲಾಗಿ ಕೂತ ಅನುಭವ ನನ್ನ ವಯಸ್ಸಿನ ಅನೇಕರಿಗಿದೆ. ಅದು ಲಿಲೋ, ಅಂದರೆ ಲಿನಕ್ಸ್ ಲೋಡರ್. ತನ್ನ ಹೆಸರಿನ ನಾಲ್ಕು ಅಕ್ಷರಗಳನ್ನೇ ಅದು ಮೈಲಿಗಲ್ಲು ಮಾಡಿಕೊಂಡಿತ್ತು. ಎಷ್ಟು ಅಕ್ಷರ ಬಂದಿವೆ ಎಂಬುದರಿಂದ ಎಲ್ಲಿ ಎಡವಿದೆ ಎಂದು ತಿಳಿಯಬೇಕು. ಎರಡಕ್ಕೇ ನಿಂತರೆ, ಮೊದಲ ಹಂತ ಎರಡನೆಯದನ್ನು ಡಿಸ್ಕಿನಿಂದ ತಂದಿದೆ, ಆದರೆ ಎರಡನೆಯದು ನಡೆಯುತ್ತಿಲ್ಲ.

ವರ್ನರ್ ಆಲ್ಮೆಸ್‌ಬರ್ಗರ್ 1992ರ ಸುಮಾರಿಗೆ ಬರೆದ ಲಿಲೋದ ಕಾನ್ಫಿಗರೇಶನ್ ಕಡತ ಓದಲು ಸರಳವಾಗಿತ್ತು. ಮೇಲೆ ಎಲ್ಲ ಕರ್ನಲ್‌ಗಳಿಗೂ ಅನ್ವಯಿಸುವ ಸಾಲುಗಳು, ಕೆಳಗೆ ಒಂದೊಂದು ಕರ್ನಲ್ಲಿಗೆ ಒಂದೊಂದು ಭಾಗ. ಕೆಳಗಿನ ಭಾಗದಲ್ಲಿ ಅದೇ ಸಾಲನ್ನು ಮತ್ತೆ ಬರೆದರೆ ಆ ಕರ್ನಲ್ಲಿನ ಮಟ್ಟಿಗೆ ಮೇಲಿನದು ನಡೆಯುವುದಿಲ್ಲ. ಎಲ್ಲದರ ಮೇಲೆ, ಬೂಟ್ ಆಗುವ ಹೊತ್ತಿಗೆ ಮನುಷ್ಯ ಕೈಯಾರೆ ಟೈಪು ಮಾಡಿದ ಮಾತು. ಪುಸ್ತಕ, ಮನೆತನ, ಅಜ್ಜಿ ಮೂವರೂ ಇಲ್ಲಿದ್ದಾರೆ.

ಇಲ್ಲಿಯೇ ಪದರಗಳ ಮೊದಲ ನಿಜವಾದ ತೊಡಕು ಎದ್ದಿತು. ಕರ್ನಲ್ಲಿಗೆ ಹೇಳಬೇಕಾದ ಮಾತುಗಳನ್ನು "ಅಪೆಂಡ್" ಎಂಬ ಸಾಲಿನಲ್ಲಿ ಬರೆಯಬೇಕು. ಮೇಲಿನ ಭಾಗದಲ್ಲಿ ಎಲ್ಲರಿಗೂ ಸೇರಿ ಮೂರು ಮಾತು ಬರೆದಿದ್ದೀರಿ. ಒಂದು ಕರ್ನಲ್ಲಿಗೆ ಮಾತ್ರ ನಾಲ್ಕನೆಯದೊಂದು ಬೇಕು. ಅದರ ಭಾಗದಲ್ಲಿ ಆ ಒಂದನ್ನು ಬರೆದರೆ ಮೇಲಿನ ಮೂರೂ ಮಾಯ! ಏಕೆಂದರೆ ಕೆಳಗಿನ ಸಾಲು ಮೇಲಿನದಕ್ಕೆ ಸೇರುವುದಿಲ್ಲ, ಅದರ ಜಾಗವನ್ನೇ ತೆಗೆದುಕೊಳ್ಳುತ್ತದೆ. ಸೇರಿಸುವುದಕ್ಕೆಂದೇ ಲಿಲೋಗೆ "ಆಡ್‌ಅಪೆಂಡ್" ಎಂಬ ಇನ್ನೊಂದು ಸಾಲು ಆಮೇಲೆ ಬಂತು. ಓವರ್‌ರೈಡ್ ಎಂದರೆ ಹಳೆಯದನ್ನು ಅಳಿಸುವುದೋ, ಹಳೆಯದಕ್ಕೆ ಕೂಡಿಸುವುದೋ? ಪದರ ಕಟ್ಟುವವರು ಇದನ್ನು ಮೊದಲೇ ತೀರ್ಮಾನಿಸದಿದ್ದರೆ ಬಳಸುವವರು ಪೆಟ್ಟು ತಿಂದು ಕಲಿಯುತ್ತಾರೆ.

ಲಿನಕ್ಸ್ ಕರ್ನಲ್ ಕೂಡ ಈ ಪ್ರಶ್ನೆಗೆ ಒಂದೇ ಉತ್ತರ ಕೊಡುವುದಿಲ್ಲ. ತನಗೆ ಬಂದ ಆಜ್ಞೆಯ ಸಾಲಿನಲ್ಲಿ ಮೂಲ ಡಿಸ್ಕಿನ ಹೆಸರು ಎರಡು ಸಲ ಬಂದರೆ ಕೊನೆಯದೇ ನಡೆಯುತ್ತದೆ. ಕನ್ಸೋಲಿನ ಹೆಸರು ಎರಡು ಸಲ ಬಂದರೆ ಎರಡೂ ಕನ್ಸೋಲುಗಳು ತೆರೆಯುತ್ತವೆ, ಕೊನೆಯದು ಮುಖ್ಯ ಕನ್ಸೋಲು ಆಗುತ್ತದೆ. ಎಆರ್‌ಎಂ ಯಂತ್ರಗಳಿಗೆ ಕರ್ನಲ್ ಕಟ್ಟುವಾಗಲಂತೂ ಈ ಆಯ್ಕೆಯನ್ನು ನಿಮ್ಮ ಮುಂದೆಯೇ ಇಡುತ್ತಾರೆ. ಬೂಟ್ ಲೋಡರ್ ಹೇಳಿದ್ದನ್ನು ಕೇಳಲೇ, ಅದಕ್ಕೆ ನನ್ನದನ್ನೂ ಕೂಡಿಸಲೇ, ಅಥವಾ ಅದು ಏನೇ ಹೇಳಲಿ ನನ್ನದನ್ನೇ ನಡೆಸಲೇ? ಮೂರರಲ್ಲಿ ಒಂದನ್ನು ಆರಿಸಬೇಕು. ಮೂರೂ ಇರಬೇಕಾಯಿತು ಎಂಬುದೇ, ಮೂರೂ ಬಗೆಯ ಜನ ಪೆಟ್ಟು ತಿಂದಿದ್ದಾರೆ ಎನ್ನುವುದಕ್ಕೆ ಸಾಕ್ಷಿ.

ಲಿಲೋದ ಇನ್ನೊಂದು ಸಂಗತಿಯನ್ನೂ ಹೇಳಬೇಕು. ಅದಕ್ಕೆ ಡಿಸ್ಕಿನ ಕಡತಗಳನ್ನು ಓದಲು ಬರುತ್ತಿರಲಿಲ್ಲ. ಕರ್ನಲ್ ಡಿಸ್ಕಿನ ಯಾವ ಯಾವ ಬ್ಲಾಕುಗಳಲ್ಲಿದೆ ಎಂಬ ನಕ್ಷೆಯನ್ನು ಮೊದಲೇ ಬರೆದಿಟ್ಟುಕೊಳ್ಳುತ್ತಿತ್ತು. ಹಾಗಾಗಿ ಕಾನ್ಫಿಗರೇಶನ್ ತಿದ್ದಿದಾಗಲೆಲ್ಲ, ಕರ್ನಲ್ ಬದಲಿಸಿದಾಗಲೆಲ್ಲ ಲಿಲೋ ಆಜ್ಞೆಯನ್ನು ಮತ್ತೆ ಓಡಿಸಬೇಕು. ಮರೆತರೆ ಕಡತದಲ್ಲಿ ಹೊಸ ಮಾತು, ಯಂತ್ರದಲ್ಲಿ ಹಳೆಯ ಮಾತು. ನಾವು ಬರೆದದ್ದು ಒಂದು, ಯಂತ್ರ ನಂಬಿದ್ದು ಇನ್ನೊಂದು.

ಗ್ರಬ್: ತಿದ್ದಬಾರದ ಕಡತ

1995ರಲ್ಲಿ ಎರಿಕ್ ಬೋಲಿನ್ ಎಂಬಾತ ಗ್ನೂ ಹರ್ಡ್ ಎಂಬ ಹೊಸ ಸಿಸ್ಟಮ್ಮನ್ನು ಬೂಟ್ ಮಾಡಲು ಹೊರಟು, ಇದ್ದ ಲೋಡರುಗಳು ಸಾಲದೆ ತಾನೇ ಒಂದನ್ನು ಬರೆದರು. ಅದೇ ಗ್ರಬ್. 1999ರಲ್ಲಿ ಗಾರ್ಡನ್ ಮಾಟ್ಸಿಗ್‌ಕೈಟ್ ಮತ್ತು ಯೋಶಿನೋರಿ ಒಕುಜಿ ಅದನ್ನು ಗ್ನೂ ಯೋಜನೆಯ ಅಧಿಕೃತ ಪ್ಯಾಕೇಜಾಗಿ ನಡೆಸತೊಡಗಿದರು. ಗ್ರಬ್‌ಗೆ ಕಡತವ್ಯವಸ್ಥೆ ಓದಲು ಬರುತ್ತಿತ್ತು. ಬೂಟ್ ಆಗುವ ಕ್ಷಣದಲ್ಲೇ ತನ್ನ ಮೆನು ಕಡತವನ್ನು ತಾನೇ ತೆರೆದು ಓದುತ್ತಿತ್ತು. ಮೆನುವಿನ ಸಾಲನ್ನು ಅಲ್ಲೇ ಪರದೆಯ ಮೇಲೆ ತಿದ್ದಿ ಆ ಒಂದು ಸಲಕ್ಕೆ ಬೂಟ್ ಮಾಡಬಹುದಾಗಿತ್ತು. ರೆಡ್ ಹ್ಯಾಟ್ ಲಿನಕ್ಸ್ 2001ರ 7.2 ಆವೃತ್ತಿಯಿಂದ ಗ್ರಬ್ಬನ್ನೇ ಡೀಫಾಲ್ಟಾಗಿ ಕೊಡತೊಡಗಿತು. ನಮ್ಮ ಹಾಸ್ಟೆಲಿನಲ್ಲಿ "ಎಲ್, ಐ" ಕಾಣಿಸುವುದು ನಿಂತಿತು.

ಆದರೆ ಹೊಸ ಜಗಳ ಶುರುವಾಯಿತು. ಮೆನು ಕಡತದ ಒಡೆಯ ಯಾರು? ಕರ್ನಲ್ ಅಪ್‌ಡೇಟ್ ಬಂದಾಗಲೆಲ್ಲ ಡಿಸ್ಟ್ರಿಬ್ಯೂಷನ್ನಿನ ಸ್ಕ್ರಿಪ್ಟು ಆ ಕಡತಕ್ಕೆ ಹೊಸ ಸಾಲು ಸೇರಿಸಬೇಕು. ಯಂತ್ರದ ಮಾಲೀಕನೂ ತನ್ನ ಬದಲಾವಣೆಗಳನ್ನು ಅದೇ ಕಡತದಲ್ಲಿ ಮಾಡಬೇಕು. ಇಬ್ಬರಿಗೂ ಒಂದೇ ಪಾಟಿ. ಡೀಫಾಲ್ಟನ್ನು ಸಂಖ್ಯೆಯಿಂದ ಹೇಳಬೇಕಾಗಿದ್ದರಿಂದ, ನೀವು "ಮೂರನೆಯದು" ಎಂದು ಬರೆದಿಟ್ಟರೆ, ಮೇಲೊಂದು ಹೊಸ ಕರ್ನಲ್ ಸೇರಿದಾಗ ಮೂರನೆಯದು ಬೇರೆಯೇ ಆಗಿರುತ್ತಿತ್ತು.

ಡೆಬಿಯನ್ನಿನವರು ಇದಕ್ಕೆ ಕಂಡುಕೊಂಡ ಉಪಾಯ ಈಗಲೂ ನಗು ತರಿಸುತ್ತದೆ. ಕಡತದೊಳಗೆ ಒಂದು ಗಡಿ ಎಳೆದು, ಇದರ ಒಳಗಿನದು ಸ್ಕ್ರಿಪ್ಟಿನದು ಎಂದು ಘೋಷಿಸಿದರು. ಮಾಲೀಕ ತನ್ನ ಇಷ್ಟವನ್ನು ಆ ಗಡಿಯೊಳಗೆ ಟಿಪ್ಪಣಿಯ ರೂಪದಲ್ಲಿ ಬರೆಯಬೇಕು. ಸಾಲಿನ ಮುಂದೆ ಒಂದು ಹ್ಯಾಶ್ ಇದ್ದರೆ ಗ್ರಬ್ ಅದನ್ನು ಟಿಪ್ಪಣಿಯೆಂದು ಬಿಡುತ್ತದೆ, ಸ್ಕ್ರಿಪ್ಟು ಮಾತ್ರ ಆಜ್ಞೆಯೆಂದು ಓದುತ್ತದೆ. ಎರಡು ಹ್ಯಾಶ್ ಇದ್ದರೆ ಅದು ನಿಜವಾದ ಟಿಪ್ಪಣಿ. "ಈ ಸಾಲಿನ ಹ್ಯಾಶ್ ತೆಗೆಯಬೇಡಿ, ಹಾಗೆಯೇ ತಿದ್ದಿ" ಎಂದು ಪಕ್ಕದಲ್ಲೇ ಬರೆದಿರುತ್ತಿತ್ತು. ನಾವು ಹ್ಯಾಶ್ ತೆಗೆಯುತ್ತಿದ್ದೆವು. ತೆಗೆದು ಒದ್ದಾಡುತ್ತಿದ್ದೆವು.

ಬೇರುಸಹಿತ ಹೊಸದಾಗಿ ಬರೆದ ಗ್ರಬ್ 2ರಲ್ಲಿ ಈ ಜಗಳಕ್ಕೆ ಆಸ್ತಿ ಪಾಲು ಮಾಡಿದ ಹಾಗೆ ಒಂದು ತೀರ್ಮಾನ ಬಂತು. ಉಬುಂಟು 9.10 ಅದನ್ನು 2009ರಲ್ಲೇ ಡೀಫಾಲ್ಟಾಗಿ ತಂದಿತು, 2.00 ಆವೃತ್ತಿ ಹೊರಬಿದ್ದದ್ದು 2012ರಲ್ಲಿ. ಗ್ರಬ್ ಓದುವ ಕಡತದ ನೆತ್ತಿಯ ಮೇಲೆ "ಇದನ್ನು ತಿದ್ದಬೇಡಿ" ಎಂದು ಬರೆದಿದೆ, ಅದನ್ನು ಯಂತ್ರವೇ ತಯಾರಿಸುತ್ತದೆ. ಮಾಲೀಕನ ಇಷ್ಟಗಳಿಗೆ ಬೇರೆ ಪುಟ್ಟ ಕಡತವಿದೆ. ಡಿಸ್ಟ್ರಿಬ್ಯೂಷನ್ನಿನ ಸ್ಕ್ರಿಪ್ಟುಗಳಿಗೆ ಬೇರೆ ಡೈರೆಕ್ಟರಿ, ಅಲ್ಲಿ ಕಡತಗಳ ಹೆಸರಿನ ಮುಂದಿರುವ 00, 10, 30, 40 ಎಂಬ ಅಂಕಿಗಳೇ ಸರದಿ. ಮಾಲೀಕನ ಕಡತದಲ್ಲೂ ಕರ್ನಲ್ಲಿಗೆ ಹೇಳುವ ಮಾತಿಗೆ ಎರಡು ಸಾಲುಗಳಿವೆ. ಒಂದು ಎಲ್ಲ ಸಂದರ್ಭಕ್ಕೂ, ಇನ್ನೊಂದು ಮಾಮೂಲಿ ಬೂಟಿಗೆ ಮಾತ್ರ. ರಿಪೇರಿಗೆಂದು ಇರುವ ರಿಕವರಿ ಬೂಟಿಗೆ ಎರಡನೆಯದು ತಾಗುವುದಿಲ್ಲ. ನಿಮ್ಮ ಮಾಮೂಲಿ ಹುಚ್ಚಾಟ ರಿಪೇರಿಯ ದಾರಿಗೆ ಅಡ್ಡ ಬರದಿರಲಿ ಎಂಬ ಈ ವಿವೇಕ ನನಗೆ ಬಹಳ ಹಿಡಿಸಿತು.

ಮೂರನೆಯ ಜಾಗ ನೆನಪಿನದು. ಕಳೆದ ಸಲ ಯಾವುದನ್ನು ಆರಿಸಿದ್ದರು, ಮುಂದಿನ ಒಂದು ಸಲಕ್ಕೆ ಮಾತ್ರ ಯಾವುದು ಬೇಕು ಎಂಬುದನ್ನು ಇಡಲು ಸರಿಯಾಗಿ 1024 ಬೈಟಿನ ಕಡತ. ಗ್ರಬ್‌ಗೆ ಡಿಸ್ಕಿನಲ್ಲಿ ಹೊಸ ಜಾಗ ಕೇಳಲು ಬರುವುದಿಲ್ಲ, ಇದ್ದ ಬ್ಲಾಕಿನ ಮೇಲೆಯೇ ಬರೆಯಬೇಕು. ಅದಕ್ಕೇ ಖಾಲಿ ಜಾಗವನ್ನೆಲ್ಲ ಮೊದಲೇ ಹ್ಯಾಶ್‌ಗಳಿಂದ ತುಂಬಿಟ್ಟಿರುತ್ತಾರೆ.

"ಮುಂದಿನ ಒಂದು ಸಲಕ್ಕೆ ಮಾತ್ರ" ಎಂಬ ಈ ಪದರ ಲಿಲೋದಲ್ಲೂ ಇತ್ತು, ಇಂದಿನ ಯುಇಎಫ್‌ಐ ಫರ್ಮ್‌ವೇರಿನಲ್ಲೂ ಇದೆ. ಅಲ್ಲಿ ಬೂಟ್‌ಆರ್ಡರ್ ಎಂಬುದು ಕಾಯಂ ಸರದಿ, ಬೂಟ್‌ನೆಕ್ಸ್ಟ್ ಎಂಬುದು ಒಂದು ಸಲದ ಮಾತು. ಒಂದು ಸಲದ ಮಾತನ್ನು ಫರ್ಮ್‌ವೇರ್ ಪಾಲಿಸುವ ಮೊದಲೇ ಅಳಿಸಿಬಿಡುತ್ತದೆ. ಪಾಲಿಸಿ ಆಮೇಲೆ ಅಳಿಸೋಣ ಎಂದರೆ, ಆ ಬೂಟೇ ನೇಣು ಹಾಕಿಕೊಂಡರೆ ಅಳಿಸುವವರು ಯಾರು? ಯಂತ್ರ ಪ್ರತಿ ಸಲವೂ ಅದೇ ಬಾವಿಗೆ ಬೀಳುತ್ತಿತ್ತು.

ಒಂದು ಸಲದ್ದು ಕಾಯಮ್ಮಾಗುವ ಅಪಾಯ ನಮ್ಮ ಮನೆಯಲ್ಲೇ ಇತ್ತು. ಅಜ್ಜಿಯ ಕಾಲದಲ್ಲಿ ಯಾವುದೋ ಮದುವೆಗೆ ಜೋರು ಮಳೆ ಬಂದು ಅಂಗಳದ ಶಾಸ್ತ್ರವೊಂದನ್ನು ನಡುಮನೆಯೊಳಗೆ ಮಾಡಿದ್ದರಂತೆ. ಅಂದಿನಿಂದ ಬಿರುಬೇಸಿಗೆಯ ಮದುವೆಯಲ್ಲೂ ಅದು ನಡುಮನೆಯಲ್ಲೇ. "ನಮ್ಮ ಮನ್ಯಾಗ ಹಿಂಗ" ಎನ್ನುವುದಕ್ಕೆ ಯಾರೂ ಮಳೆಯ ಕಾರಣ ಸೇರಿಸಿ ಹೇಳಿರಲಿಲ್ಲ.

ಯು-ಬೂಟ್: ಎಚ್ಚರಿಕೆ ಕೊಟ್ಟ ಯಂತ್ರವೇ ಎದ್ದದ್ದು

ಈಗ ನಮ್ಮ ಪೆಟ್ಟಿಗೆಗಳ ಕಡೆ ಬರೋಣ. ಪಿಸಿಯಲ್ಲದ ಪುಟ್ಟ ಯಂತ್ರಗಳ, ಅಂದರೆ ರೂಟರು, ಮೀಟರು, ಸೆಟ್‌ಟಾಪ್ ಪೆಟ್ಟಿಗೆ ಇಂಥವುಗಳ ಲೋಕದಲ್ಲಿ ಹೆಚ್ಚು ಬಳಕೆಯಲ್ಲಿರುವುದು ಯು-ಬೂಟ್. ಪವರ್‌ಪಿಸಿ ಪ್ರೊಸೆಸರುಗಳಿಗೆಂದು ಜರ್ಮನಿಯ ವೋಲ್ಫ್‌ಗಾಂಗ್ ಡೆಂಕ್ 2000ದಲ್ಲಿ ಪಿಪಿಸಿಬೂಟ್ ಎಂಬ ಹೆಸರಿನಲ್ಲಿ ನಡೆಸತೊಡಗಿದ ಯೋಜನೆ, ಬೇರೆ ಪ್ರೊಸೆಸರುಗಳಿಗೂ ಹರಡಿದ ಮೇಲೆ 2002ರಲ್ಲಿ ಯು-ಬೂಟ್ ಆಯಿತು. ಜರ್ಮನ್ನಿನಲ್ಲಿ ಆ ಹೆಸರು ಜಲಾಂತರ್ಗಾಮಿಯನ್ನೂ ನೆನಪಿಸುತ್ತದೆ.

ಯು-ಬೂಟ್‌ನ ಪದರಗಳು ಹೀಗಿವೆ. ಬೋರ್ಡಿನ ತಯಾರಕ ಕೋಡ್ ಕಟ್ಟುವಾಗಲೇ ಅದರೊಳಗೆ ಡೀಫಾಲ್ಟ್ ಎನ್ವಿರಾನ್‌ಮೆಂಟನ್ನು ಸೇರಿಸಿರುತ್ತಾನೆ. ಅದು ಹೆಸರು ಮತ್ತು ಬೆಲೆಗಳ ಪಟ್ಟಿ. ಬೂಟ್ ಆಗಲು ಏನು ಮಾಡಬೇಕು, ಎಷ್ಟು ಸೆಕೆಂಡು ಕಾಯಬೇಕು, ಕರ್ನಲ್ ಯಾವ ವಿಳಾಸದಲ್ಲಿದೆ, ಎಲ್ಲವೂ ಅದರಲ್ಲಿರುತ್ತವೆ. ಇದರ ಮೇಲಿನ ಪದರ ಫ್ಲ್ಯಾಶ್ ಮೆಮೊರಿಯಲ್ಲಿ ಉಳಿಸಿದ ಎನ್ವಿರಾನ್‌ಮೆಂಟ್. ಅದರ ತಲೆಯಲ್ಲಿ ಸಿಆರ್‌ಸಿ ಎಂಬ ತಾಳೆಯ ಅಂಕಿ ಇರುತ್ತದೆ. ಯಂತ್ರ ಎದ್ದಾಗ ತಾಳೆ ಸರಿಯಾದರೆ ಉಳಿಸಿದ ಪಟ್ಟಿ ನಡೆಯುತ್ತದೆ. ತಾಳೆಯಾಗದಿದ್ದರೆ, ಸಿಆರ್‌ಸಿ ಕೆಟ್ಟಿದೆ, ಡೀಫಾಲ್ಟ್ ಬಳಸುತ್ತೇನೆ ಎಂದು ಎಚ್ಚರಿಕೆ ಕೊಟ್ಟು ಒಳಗಿನ ಪಟ್ಟಿಯಿಂದ ಏಳುತ್ತದೆ. ಬರೆಯುವ ನಡುವೆ ಕರೆಂಟು ಹೋಗಬಹುದೆಂದು ಎರಡು ಪ್ರತಿ ಇಡುವ ಸೌಲಭ್ಯವೂ ಇದೆ. ಇಷ್ಟು ಸಲ ಪ್ರಯತ್ನಿಸಿಯೂ ಏಳದಿದ್ದರೆ ಪರ್ಯಾಯ ಆಜ್ಞೆ ನಡೆಸು ಎನ್ನಲು ಎಣಿಕೆಯ ಏರ್ಪಾಡು ಇದೆ. ನಾವು ಅದನ್ನು ಬಳಸಿರಲಿಲ್ಲ.

ಈ ಏರ್ಪಾಡಿನಲ್ಲಿ ಒಂದು ಸೂಕ್ಷ್ಮವಿದೆ. ಯಂತ್ರ ನಡೆಸುವುದು ಎರಡು ಪಟ್ಟಿಗಳನ್ನು ಬೆರೆಸಿದ್ದನ್ನಲ್ಲ, ಎರಡರಲ್ಲಿ ಒಂದನ್ನು. ಉಳಿಸುವ ಆಜ್ಞೆಯಾದ ಸೇವ್‌ಎನ್ವ್ ಕೂಡ ನೀವು ಬದಲಿಸಿದ್ದನ್ನಷ್ಟೇ ಉಳಿಸುವುದಿಲ್ಲ. ಆ ಕ್ಷಣದಲ್ಲಿ ಮೆಮೊರಿಯಲ್ಲಿದ್ದ ಇಡೀ ಪಟ್ಟಿಯನ್ನು, ನೀವು ಮುಟ್ಟದ ಡೀಫಾಲ್ಟುಗಳನ್ನೂ ಸೇರಿಸಿ, ಫ್ಲ್ಯಾಶಿಗೆ ಬರೆಯುತ್ತದೆ. ಅಲ್ಲಿಗೆ ಯಾರೂ ಆರಿಸದ ಬೆಲೆಗಳೆಲ್ಲ ಮಾಲೀಕನ ಆಯ್ಕೆಯ ವೇಷ ತೊಟ್ಟು ಮೇಲಿನ ಪದರಕ್ಕೆ ಏರಿ ಕೂರುತ್ತವೆ. ಮುಂದೆ ತಯಾರಕ ಡೀಫಾಲ್ಟನ್ನು ಎಷ್ಟೇ ತಿದ್ದಲಿ, ಆ ಯಂತ್ರಕ್ಕೆ ಕೇಳಿಸುವುದಿಲ್ಲ.

ರಾಣೆಬೆನ್ನೂರಿನ ಹುಡುಗ ಮಾಡಿದ್ದು ಇಷ್ಟೇ. ಕರ್ನಲ್ ದೊಡ್ಡದಾಗಿತ್ತು, ಹಳೆಯ ಜಾಗದಲ್ಲಿ ಹಿಡಿಸಲಿಲ್ಲ. ಅದನ್ನು ಫ್ಲ್ಯಾಶಿನಲ್ಲಿ ಬೇರೆಡೆಗೆ ಸರಿಸಿ, ಡೀಫಾಲ್ಟ್ ಪಟ್ಟಿಯಲ್ಲಿ ಹೊಸ ವಿಳಾಸ ಬರೆದ. ಅವನ ಮೇಜಿನ ಬೋರ್ಡನ್ನು ದಿನಕ್ಕೆ ನಾಲ್ಕು ಸಲ ಪೂರ್ತಿ ಅಳಿಸುತ್ತಿದ್ದುದರಿಂದ ಅದರಲ್ಲಿ ಉಳಿಸಿದ ಪಟ್ಟಿಯೇ ಇರಲಿಲ್ಲ. ಅದು ಪ್ರತಿ ಸಲವೂ ಎಚ್ಚರಿಕೆ ಕೊಟ್ಟು ಡೀಫಾಲ್ಟಿನಿಂದ ಸರಿಯಾಗಿ ಎದ್ದಿತು. ಸಾಂಗ್ಲಿಯ ಪೆಟ್ಟಿಗೆಗಳಲ್ಲಿ ಉಳಿಸಿದ ಪಟ್ಟಿ ಇತ್ತು, ಸಿಆರ್‌ಸಿ ಸರಿಯಾಗಿತ್ತು. ಅವು ಯಾವ ದೂರೂ ಇಲ್ಲದೆ ಹಳೆಯ ವಿಳಾಸಕ್ಕೆ ಹೋಗಿ, ಅಲ್ಲಿ ಕರ್ನಲ್ ಸಿಗದೆ ಅಲ್ಲಿಯೇ ನಿಂತವು. ದೂರು ಹೇಳಿದ ಯಂತ್ರ ಬದುಕಿತು, ಸುಮ್ಮನಿದ್ದದ್ದು ಸತ್ತಿತು.

ಉಳಿಸಿದ ಪಟ್ಟಿ ಎಲ್ಲಿಂದ ಬಂತು? ಅದನ್ನು ಹುಡುಕುತ್ತ ಆ ರಾತ್ರಿ ನಾನೊಬ್ಬನೇ ಆಫೀಸಿನಲ್ಲಿದ್ದೆ. ಪ್ರತಿ ಪೆಟ್ಟಿಗೆಗೂ ಅದರದೇ ಈಥರ್ನೆಟ್ ವಿಳಾಸ, ಅದರದೇ ಕ್ರಮಸಂಖ್ಯೆ ಬರೆಯಬೇಕಲ್ಲ, ಅದಕ್ಕಾಗಿ ಉತ್ಪಾದನೆಯ ಸಾಲಿನಲ್ಲಿ ಒಂದು ಸ್ಕ್ರಿಪ್ಟು ಓಡುತ್ತಿತ್ತು. ಎರಡು ಬೆಲೆ ಬರೆಯುವುದು, ಕೊನೆಯ ಸಾಲಿನಲ್ಲಿ ಸೇವ್‌ಎನ್ವ್. ಎರಡು ಮಾತು ಉಳಿಸಲು ಹೋಗಿ ಇಡೀ ಪುಸ್ತಕವನ್ನೇ ನಕಲು ಮಾಡಿಟ್ಟಿತ್ತು. ಬರೆದವರ ಹೆಸರು ನೋಡಿದೆ. ತಾರೀಖು 2008ರದು. ಹೆಸರು ನನ್ನದೇ.

ಮರುದಿನ ಬೆಳಿಗ್ಗೆ ಹತ್ತಕ್ಕೆ ಮೀಟಿಂಗ್ ಇತ್ತು. ಆ ಹುಡುಗನನ್ನು ತೆಗೆಯುವ ಮಾತು ಆಗಲೇ ಓಡಾಡುತ್ತಿತ್ತು. ನಾನು ಮನೆಗೆ ಹೋಗಿ ಮಲಗಿದೆ, ನಿದ್ದೆ ಬರಲಿಲ್ಲ. ಮೂರು ವರ್ಷ ಹಿಂದಿನ ಸ್ಕ್ರಿಪ್ಟನ್ನು ಬೇರೆ ಯಾರೂ ತೆರೆದು ನೋಡುವುದಿಲ್ಲ ಎಂಬುದು ನನಗೆ ಗೊತ್ತಿತ್ತು. ಈ ವಿಚಾರ ಆ ರಾತ್ರಿ ಎಷ್ಟು ಸಲ ತಲೆಯಲ್ಲಿ ಹಾದುಹೋಯಿತು ಎಂದು ಹೇಳಲು ಈಗಲೂ ನಾಚಿಕೆಯಾಗುತ್ತದೆ. ಬೆಳಿಗ್ಗೆ ಮೀಟಿಂಗಿಗೆ ಮೊದಲೇ ಅವನನ್ನು ಕ್ಯಾಂಟೀನಿಗೆ ಕರೆದು, "ತಪ್ಪು ನಿಂದಲ್ಲಪಾ, ನಂದು," ಎಂದು ಹೇಳಿ ಆ ಸಾಲನ್ನು ತೋರಿಸಿದೆ. ಅವನು ಬಹಳ ಹೊತ್ತು ನೋಡಿ, "ಸರ್, ನಾ ಆದರೂ ಹಿಂಗ ಬರೀತಿದ್ದೆ ಬಿಡ್ರಿ," ಎಂದ. ಆಮೇಲೆ ಮೀಟಿಂಗಿನಲ್ಲೂ ಅದೇ ಮಾತನ್ನು ನಾನು ಇಂಗ್ಲಿಷಿನಲ್ಲಿ ಹೇಳಿದೆ. ಹತ್ತು ದಿನ ನಾವಿಬ್ಬರೂ ಸೀರಿಯಲ್ ಕೇಬಲ್ ಹಿಡಿದು ಎಸ್.ಟಿ. ಬಸ್ಸಿನಲ್ಲಿ ಊರೂರು ತಿರುಗಿ ಪೆಟ್ಟಿಗೆಗಳನ್ನು ಎಬ್ಬಿಸಿದೆವು.

ಆಮೇಲಿನ ವರ್ಷಗಳು

ಆ ಬಳಿಕದ ಹತ್ತು ಹನ್ನೆರಡು ವರ್ಷಗಳಲ್ಲಿ ಬೂಟ್ ಲೋಡರುಗಳ ಲೋಕ ಸಾಗಿದ ದಿಕ್ಕನ್ನು ನೋಡಿದರೆ, ನಮ್ಮಂತೆ ಪೆಟ್ಟು ತಿಂದವರು ಬಹಳ ಮಂದಿ ಎಂದು ಗೊತ್ತಾಗುತ್ತದೆ. ಸಿಸ್ಟಮ್‌ಡಿ ಬಳಗದವರು ಬೂಟ್ ಲೋಡರಿಗೆ ಒಂದು ಸಾಮಾನ್ಯ ನಿಯಮಾವಳಿ ರೂಪಿಸಿದರು. ಅದರಲ್ಲಿ ಎಲ್ಲರೂ ಹಂಚಿಕೊಳ್ಳುವ ಒಂದು ದೊಡ್ಡ ಮೆನು ಕಡತವೇ ಇಲ್ಲ. ಒಂದೊಂದು ಕರ್ನಲ್ಲಿಗೆ ಒಂದೊಂದು ಪುಟ್ಟ ಕಡತ. ಹೊಸ ಕರ್ನಲ್ ಬಂದರೆ ಕಡತ ಬರುತ್ತದೆ, ಹೋದರೆ ಹೋಗುತ್ತದೆ, ಪಕ್ಕದವರದನ್ನು ಯಾರೂ ಮುಟ್ಟುವುದಿಲ್ಲ. ಫೆಡೋರಾ 2019ರ 30ನೇ ಆವೃತ್ತಿಯಲ್ಲಿ ಇದನ್ನೇ ಡೀಫಾಲ್ಟಾಗಿ ತಂದಿತು. ತಯಾರಕನ ಕಡತಗಳು ಒಂದು ಡೈರೆಕ್ಟರಿಯಲ್ಲಿ, ಮಾಲೀಕನವು ಇನ್ನೊಂದರಲ್ಲಿ, ಒಂದೇ ಹೆಸರಿನವು ಎರಡೂ ಕಡೆ ಇದ್ದರೆ ಮಾಲೀಕನದೇ ನಡೆಯುತ್ತದೆ ಎಂಬ ಪದ್ಧತಿ ಸಿಸ್ಟಮ್‌ಡಿಯ ಉದ್ದಕ್ಕೂ ಇದೆ. ಮಾಲೀಕ ತನಗೆ ಬೇಕಾದ ಎರಡು ಸಾಲನ್ನಷ್ಟೇ ಬರೆದರೆ ಸಾಕು, ಉಳಿದದ್ದು ತಯಾರಕನದಾಗಿಯೇ ಉಳಿಯುತ್ತದೆ, ಅವನು ತಿದ್ದಿದರೆ ತಿದ್ದುಪಡಿ ತಲುಪುತ್ತದೆ.

ಪದರ ಹೆಚ್ಚಾದಷ್ಟೂ ಹುಡುಕಾಟವೂ ಹೆಚ್ಚು ಎಂಬುದೂ ನಿಜ. ಉಬುಂಟುವಿನ ಕ್ಲೌಡ್ ಚಿತ್ರಿಕೆಗಳಲ್ಲಿ ಗ್ರಬ್‌ನ ಮುಖ್ಯ ಕಡತವನ್ನು ತಿದ್ದಿ, ಏನೂ ಬದಲಾಗದೆ ತಲೆ ಕೆರೆದುಕೊಳ್ಳುವವರನ್ನು ನಾನು ಈಗಲೂ ಕಾಣುತ್ತೇನೆ. ಪಕ್ಕದ ಡೈರೆಕ್ಟರಿಯಲ್ಲಿ 50 ಎಂಬ ಅಂಕಿಯಿಂದ ಶುರುವಾಗುವ ಇನ್ನೊಂದು ಕಡತ ಅವರ ಮಾತಿನ ಮೇಲೆ ತನ್ನ ಮಾತು ಹೇಳಿರುತ್ತದೆ.

ಯು-ಬೂಟ್ ಕೂಡ ಬದಲಾಗಿದೆ. ಬೋರ್ಡಿಗೊಂದು ಹೆಡರ್ ಕಡತದಲ್ಲಿ ಹರಡಿಕೊಂಡಿದ್ದ ಆಯ್ಕೆಗಳನ್ನು 2014ರಿಂದ ಲಿನಕ್ಸ್ ಕರ್ನಲ್ಲಿನ ಕೆಕಾನ್ಫಿಗ್ ಪದ್ಧತಿಗೆ ಸಾಗಿಸತೊಡಗಿದರು, ಅದಕ್ಕೆ ವರ್ಷಗಳೇ ಹಿಡಿದವು. ಉಳಿಸಿದ ಪಟ್ಟಿಯಿಂದ ಇಂತಿಂಥ ಹೆಸರುಗಳನ್ನು ಮಾತ್ರ ಒಪ್ಪಿಕೋ, ಉಳಿದದ್ದಕ್ಕೆಲ್ಲ ಡೀಫಾಲ್ಟೇ ಎಂದು ಕಟ್ಟುಹಾಕುವ ಸೌಲಭ್ಯವೂ ಈಗ ಇದೆ. 2011ರಲ್ಲಿ ಅದಿಲ್ಲದೆ ನಾವು ಕೈಯಾರೆ ಒಂದು ಪರಿಹಾರ ಮಾಡಿಕೊಂಡೆವು. ಈಥರ್ನೆಟ್ ವಿಳಾಸ ಮತ್ತು ಕ್ರಮಸಂಖ್ಯೆಯನ್ನು ಫ್ಲ್ಯಾಶಿನ ಬೇರೆ ಮೂಲೆಯಲ್ಲಿಟ್ಟು, ಉಳಿದ ಪಟ್ಟಿಯನ್ನು ಉಳಿಸುವುದನ್ನೇ ನಿಲ್ಲಿಸಿದೆವು. ಯಂತ್ರಕ್ಕೆ ಸೇರಿದ್ದು ಒಂದು ಕಡೆ, ತಯಾರಕನಿಗೆ ಸೇರಿದ್ದು ಒಂದು ಕಡೆ.

ಈಗ ನನ್ನ ತಂಡದಲ್ಲಿ ಯಾವುದೇ ಕಾನ್ಫಿಗರೇಶನ್ ವಿನ್ಯಾಸ ಬಂದರೂ ನಾನು ನಾಲ್ಕು ಪ್ರಶ್ನೆ ಕೇಳುತ್ತೇನೆ. ಈ ಬೆಲೆಯ ಒಡೆಯ ಯಾರು? ಮೇಲಿನ ಪದರ ಕೆಳಗಿನದನ್ನು ಅಳಿಸುತ್ತದೋ, ಕೂಡಿಸುತ್ತದೋ? ಇದು ಎಷ್ಟು ದಿನಕ್ಕೆ? ಎಲ್ಲ ಪದರ ಕೆಟ್ಟರೂ ಯಂತ್ರ ಏಳುತ್ತದೋ? ಹೊಸ ಹುಡುಗರು ನಾಲ್ಕನೆಯದಕ್ಕೆ ಚೆನ್ನಾಗಿ ಉತ್ತರ ಕೊಡುತ್ತಾರೆ. ಎಡವುವುದು ಮೊದಲನೆಯದರಲ್ಲಿ. ಬೆಲೆಯನ್ನು ನಕಲು ಮಾಡಿದವನೇ ಅದರ ಒಡೆಯನಾಗಿಬಿಡುತ್ತಾನೆ ಎಂಬುದು ಯಾರಿಗೂ ಒಮ್ಮೆಲೇ ಹೊಳೆಯುವುದಿಲ್ಲ.

ರಾಣೆಬೆನ್ನೂರಿನ ಹುಡುಗ ಈಗ ಹುಡುಗನಲ್ಲ, ಹೈದರಾಬಾದಿನಲ್ಲಿ ತನ್ನದೇ ತಂಡ ನಡೆಸುತ್ತಾನೆ. ಹೋದ ವರ್ಷ ಅವನ ತಂಗಿಯ ಮದುವೆಗೆ ಹೋಗಿದ್ದೆ. ಪುರೋಹಿತರು ಮಂತ್ರ ನಿಲ್ಲಿಸಿ ಅವನ ಅವ್ವನ ಕಡೆ ತಿರುಗಿ ಪದ್ಧತಿ ಕೇಳಿದಾಗ ಅವನು ನನ್ನ ಕಡೆ ನೋಡಿ ನಕ್ಕ. ಅವನ ಅವ್ವ ಸ್ವಲ್ಪ ಯೋಚಿಸಿ, "ಪುಸ್ತಕದಾಗ ಇದ್ದಂಗ ಮಾಡ್ರಿ," ಎಂದರು.